ಶುಕ್ರವಾರದ ಊಟ

ಕುವೈತಿನಲ್ಲಿ ಶುಕ್ರವಾರವೇ ನಮಗೆ ಭಾನುವಾರ. ವಾರದ ರಜೆ ಅವತ್ತು, ಹಾಗಾಗಿ ಆರಾಧನೆಯೂ ಅವತ್ತೇ. ಒಂದೇ ಚರ್ಚ್ ಕಾಂಪೌಂಡಿನಲ್ಲಿ ಮಲಯಾಳಿಗಳು, ತಮಿಳರು, ಫಿಲಿಪ್ಪೀನ್ಸಿನವರು, ಈಜಿಪ್ಟಿನವರು ಗಂಟೆ ಹಂಚಿಕೊಂಡು ಪ್ರಾರ್ಥನೆ ಮಾಡುತ್ತಾರೆ. ನಮ್ಮ ಕನ್ನಡ ಕೂಟಕ್ಕೂ ಅಲ್ಲೊಂದು ಹಾಲ್ ಸಿಗುತ್ತದೆ. ಮಂಗಳೂರಿನ ಸಿಎಸ್‌ಐನವರು (ಚರ್ಚ್ ಆಫ್ ಸೌತ್ ಇಂಡಿಯಾ), ಬೀದರಿನ ಮೆಥೊಡಿಸ್ಟರು, ಉಡುಪಿ ಕಡೆಯ ಕ್ಯಾಥೊಲಿಕರು, ಕೋಲಾರದ ಪೆಂಟೆಕೋಸ್ಟಿನವರು ಎಲ್ಲ ಒಂದೇ ಸಾಲಿನಲ್ಲಿ ಕೂರುತ್ತೇವೆ. ಊರಲ್ಲಿದ್ದಿದ್ದರೆ ಮದುವೆಗೆ ಬಿಟ್ಟು ಒಬ್ಬರ ಚರ್ಚಿಗೆ ಇನ್ನೊಬ್ಬರು ಹೋಗುತ್ತಿದ್ದದ್ದು ಕಡಿಮೆಯೇ, ಅಲ್ವಾ? ಇದನ್ನು ನೋಡಿ ನಾನು ತುಂಬಾ ಹೆಮ್ಮೆಪಟ್ಟಿದ್ದೇನೆ.

ಹೋದ ತಿಂಗಳು ಒಂದು ಶುಕ್ರವಾರ ಆರಾಧನೆ ಮುಗಿದು ಒಂದು ಗಂಟೆಗೆ ಊಟ ಶುರುವಾಯಿತು. ಕೋರಿ ರೊಟ್ಟಿ, ಅನ್ನ, ಸಾರು. ಸೌಟು ನನ್ನ ಕೈಯಲ್ಲೇ ಇತ್ತು, ಸಾಕು ಅಂದವರಿಗೂ ಬಿಡದೆ ಇನ್ನೊಂದು ಸಲ ಬಡಿಸಿದೆ. ಎರಡೂವರೆ ಹೊತ್ತಿಗೆ ಒಬ್ಬ ಅಕ್ಕ ಬಂದರು. ಅರಬಿ ಮನೆಯಲ್ಲಿ ಕೆಲಸ ಅವರಿಗೆ, ಶುಕ್ರವಾರ ಆ ಮನೆಯಲ್ಲಿ ಬಂಧುಬಳಗವೆಲ್ಲ ಊಟಕ್ಕೆ ಸೇರುತ್ತಾರೆ, ಅಷ್ಟು ಜನರ ಅಡುಗೆ ಮುಗಿಸಿ ಎರಡು ಬಸ್ ಬದಲಾಯಿಸಿ ಬಂದಿದ್ದರು. ನಾವಾಗಲೇ ಪಾತ್ರೆ ತೊಳೆಯುತ್ತಿದ್ದೆವು. "ಪರವಾಗಿಲ್ಲಣ್ಣ, ಪ್ರಾರ್ಥನೆಗೇ ಅಲ್ವಾ ಬಂದಿದ್ದು" ಅಂದು ಒಂದು ಲೋಟ ಟೀ ಕುಡಿದು ಕೂತರು. ಆಮೇಲೆ ವಿಚಾರಿಸಿದರೆ, ಅವರು ಹೀಗೆ ಬರುತ್ತಿದ್ದದ್ದು ಅದೇ ಮೊದಲಲ್ಲ.

ಅವತ್ತು ರಾತ್ರಿ ಬೈಬಲ್ಲಿನಲ್ಲಿ ಅಪೊಸ್ತಲ ಪೌಲ ಕೊರಿಂಥ ಪಟ್ಟಣದ ಸಭೆಯವರಿಗೆ ಬರೆದ ಮೊದಲ ಪತ್ರದ ಹನ್ನೊಂದನೇ ಅಧ್ಯಾಯ ತೆಗೆದೆ. ಪ್ರಭುಭೋಜನದ ದಿನ, ಅಂದರೆ ಯೇಸುವಿನ ಕೊನೆಯ ಊಟದ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ದಿನ, ನಾವು ಯಾವಾಗಲೂ ಓದುವ ಭಾಗ ಅದು. ಆದರೆ ಅದರ ಹಿಂದುಮುಂದಿನ ವಚನಗಳನ್ನು ನಾನು ಗಮನ ಕೊಟ್ಟು ಓದಿರಲೇ ಇಲ್ಲ. ಪೌಲನಿಗೆ ಅಲ್ಲಿ ಬಂದಿರುವ ಸಿಟ್ಟು ಊಟದ ವಿಷಯಕ್ಕೆ. ಆಗ ಸಭೆ ಸೇರುತ್ತಿದ್ದದ್ದು ಮನೆಗಳಲ್ಲಿ. ಉಳ್ಳವರು ಬೇಗ ಬಂದು ತಾವು ತಂದದ್ದನ್ನು ತಿಂದು ಕುಡಿದು ಮುಗಿಸುತ್ತಿದ್ದರು, ಇಲ್ಲದವರು ಹಸಿದು ಕೂರುತ್ತಿದ್ದರು. ಯಜಮಾನನ ಕೆಲಸ ಮುಗಿಯದೆ ದಾಸರು, ಕೂಲಿಯವರು ಬರುವ ಹಾಗಿರಲಿಲ್ಲ ಅಂತ ಪಂಡಿತರು ವಿವರಿಸುತ್ತಾರೆ. ಇಲ್ಲದವರಿಗೆ ಅವಮಾನ ಮಾಡುತ್ತೀರಾ ಅಂತ ಪೌಲ ನೇರವಾಗಿ ಕೇಳುತ್ತಾನೆ. ಕೊನೆಗೆ 33ನೇ ವಚನದಲ್ಲಿ ಅವನು ಹೇಳುವ ಪರಿಹಾರ ಎಷ್ಟು ಸಣ್ಣದು ನೋಡಿ: ಊಟಕ್ಕೆ ಸೇರುವಾಗ ಒಬ್ಬರಿಗೊಬ್ಬರು ಕಾದುಕೊಂಡಿರಿ. ಇದನ್ನು ಬರೆದು ಹತ್ತಿರ ಹತ್ತಿರ 2000 ವರ್ಷವಾಗುತ್ತಾ ಬಂತು, ನಮ್ಮ ಹಾಲ್‌ನಲ್ಲೂ ಅದೇ ತಪ್ಪು!

ಒಬ್ಬರನ್ನೊಬ್ಬರು ಪ್ರೀತಿಸಿ ಅಂತ ಯೇಸು ಶಿಷ್ಯರಿಗೆ ಹೇಳಿದ್ದೂ ಊಟದ ರಾತ್ರಿಯೇ, ಅವರ ಕಾಲು ತೊಳೆದ ಮೇಲೆ. ಅನ್ಯೋನ್ಯತೆ ಅಂತ ನಾವು ಪ್ರತಿ ಪ್ರಾರ್ಥನೆಯಲ್ಲೂ ಹೇಳುತ್ತೇವೆ. ನನ್ನ ಮಟ್ಟಿಗೆ ಅದು ಶುರುವಾಗುವುದು ಇನ್ನೂ ಯಾರು ಬಂದಿಲ್ಲ ಅಂತ ಬಾಗಿಲ ಕಡೆ ನೋಡುವುದರಿಂದ. ಬೇರೆ ಬೇರೆ ಸಭೆಯವರು ಒಟ್ಟಿಗೆ ಕೂರುತ್ತೇವೆ ಅನ್ನುವುದು ಒಳ್ಳೆಯದೇ, ಆದರೆ ಆಫೀಸಿನವರು ಮತ್ತು ಮನೆಗೆಲಸದವರು ಒಂದೇ ಹೊತ್ತಿಗೆ ಉಣ್ಣುವುದು ಅದಕ್ಕಿಂತ ಕಷ್ಟದ ಕೆಲಸ.

ಕ್ರಿಸ್ಮಸ್ ಕೂಟದಿಂದ ಊಟದ ಹೊತ್ತು ಬದಲಾಗುತ್ತದೆ. ಪಾತ್ರೆಯ ಮುಚ್ಚಳ ತೆಗೆಯುವುದು ಮೂರು ಗಂಟೆಗೆ, ಮಕ್ಕಳಿಗೆ ಮಾತ್ರ ಮೊದಲು. ಫರ್ವಾನಿಯಾ, ಫಹಾಹೀಲ್, ಜಹ್ರಾ ಕಡೆಯಿಂದ ಕಾರಿನಲ್ಲಿ ಬರುವವರು ಖಾಲಿ ಸೀಟು ಇದ್ದರೆ ದಯವಿಟ್ಟು ಗುರುವಾರ ಸಂಜೆಯೊಳಗೆ ನಮಗೆ ತಿಳಿಸಿ. ಯಾರನ್ನು ಎಲ್ಲಿಂದ ಹತ್ತಿಸಿಕೊಳ್ಳಬೇಕು ಅನ್ನುವ ಪಟ್ಟಿ ನನ್ನ ಹತ್ತಿರ ಇದೆ.