ಅಡಿಕೆ ಸಸಿಯ ಮೂಲ ಹೇಳುವವರು ಯಾರು? ಕಾಸರಗೋಡಿನ ಸಂಸದರಿಗೆ ಬಹಿರಂಗ ಪತ್ರ

ಮಾನ್ಯ ಸಂಸದರೇ,

ನಮಸ್ಕಾರ. ಮಾರಾಟಕ್ಕೆ ಬರುವ ಅಡಿಕೆ ಸಸಿ ಯಾರ ತೋಟದ ಬೀಜದ್ದು, ಯಾವ ನರ್ಸರಿಯಲ್ಲಿ ಬೆಳೆದದ್ದು ಎಂಬುದು ಅದರ ತೊಟ್ಟೆಯ ಮೇಲೆಯೇ ಇರಬೇಕು. ಕ್ಯೂಆರ್ ಕೋಡಿನ ಒಂದು ಚೀಟಿ ಸಾಕು. ಅದನ್ನು ಕಡ್ಡಾಯ ಮಾಡಿಸಿ. ಊರಿನ ಸಭೆಗಳಲ್ಲಿ ಹೇಳಿ ಹೇಳಿ ಸಾಕಾಗಿ ನಿಮಗೆ ಬರೆಯುತ್ತಿದ್ದೇನೆ.

ಕೆಲವು ವರ್ಷಗಳ ಹಿಂದೆ ಪಿಕಪ್‌ನಲ್ಲಿ ಮನೆ ಬಾಗಿಲಿಗೆ ಬಂದ ‘ಮಂಗಳ’ ತಳಿಯ ಅಡಿಕೆ ಸಸಿಗಳನ್ನು ಕೊಂಡು ನೆಟ್ಟೆ. ಈಗ ಆ ಮರಗಳ ಕೆಳಸೋಗೆಗಳು ತುದಿಯಿಂದ ಹಳದಿಯಾಗುತ್ತಿವೆ. ಗೊನೆ ಸಣ್ಣದಾಗಿದೆ. ಅಡಿಕೆ ಒಡೆದರೆ ತಿರುಳು ಕಪ್ಪು, ಬೆರಳಲ್ಲಿ ಒತ್ತಿದರೆ ಮೆತ್ತಗೆ. ನೋಡಲು ಬಂದ ಅಧಿಕಾರಿ ಮೊದಲು ಕೇಳಿದ್ದು, “ಸಸಿ ಎಲ್ಲಿಂದ ತಂದದ್ದು?” ನನ್ನಲ್ಲಿದ್ದದ್ದು ಒಂದು ತುಂಡು ಕಾಗದ. ಅದರಲ್ಲಿ ‘ಅಡಿಕೆ ಸಸಿ’ ಎಂದು ಗೀಚಿ ಕೆಳಗೆ ಮೊತ್ತ ಬರೆದಿತ್ತು, ಅಷ್ಟೆ. ನರ್ಸರಿಯ ಹೆಸರಿಲ್ಲ, ಊರಿಲ್ಲ. ಮಾರಿದವನ ಫೋನು ಸ್ವಿಚ್ ಆಫ್. ‘ಮೂಲ ತಿಳಿದಿಲ್ಲ’ ಎಂದು ಬರೆದುಕೊಂಡು ಅಧಿಕಾರಿ ಹೊರಟರು. ಬರೆದುಕೊಂಡರೆ ಮುಗಿಯಿತೇ? ಅದೇ ಗಾಡಿಯಿಂದ ಸಸಿ ಇಳಿಸಿಕೊಂಡ ಮನೆಗಳು ನಮ್ಮ ದಾರಿಯುದ್ದಕ್ಕೂ ಇವೆ. ಅವರಿಗೆ ಎಚ್ಚರಿಕೆ ಹೇಳುವವರು ಯಾರು, ಯಾವ ಪಟ್ಟಿ ನೋಡಿ ಹೇಳುವುದು?

ಹಳದಿ ಎಲೆ ರೋಗಕ್ಕೆ ಮದ್ದಿಲ್ಲವೆಂದು ನಿಮಗೂ ಗೊತ್ತು. ಫೈಟೋಪ್ಲಾಸ್ಮಾ ಎಂಬ ಸೂಕ್ಷ್ಮಜೀವಿ ಅದಕ್ಕೆ ಕಾರಣ, ಮರದಿಂದ ಮರಕ್ಕೆ ಹರಡುವುದು ಜಿಗಿಹುಳ. ನನ್ನ ತೋಟಕ್ಕೆ ಅದು ಸಸಿಯ ಜೊತೆ ಬಂತೋ, ಹುಳ ತಂದಿತೋ ಎಂದು ಹೇಳಬೇಕಾದರೂ ಮೂಲ ಗೊತ್ತಿರಬೇಕಲ್ಲ? ಗಡಿಯಾಚೆ ಕರ್ನಾಟಕದ ಸಂಪಾಜೆ, ಅರಂತೋಡಿನ ಕಡೆ ಈ ರೋಗಕ್ಕೆ ಎಷ್ಟು ತೋಟಗಳು ಹೋದವು! ರೋಗವಿರುವಲ್ಲಿಂದ ಬೀಜದಡಿಕೆ, ಸಸಿ ತರಬೇಡಿ ಎನ್ನುತ್ತಾರೆ. ತರುವುದಿಲ್ಲ, ಆದರೆ ಎಲ್ಲಿಯದೆಂದು ತಿಳಿಯುವ ದಾರಿ ಕೊಡಿ.

ಮಧ್ಯ ಕೇರಳದಲ್ಲಿ ಈ ರೋಗ ಕಂಡದ್ದು 1914ರ ಹೊತ್ತಿಗೆ. ಕೀಟ-ರೋಗ ತಡೆಯಲು ನಮಗಿರುವ ಕಾಯಿದೆಯೂ 1914ರದ್ದೇ. ಗಿಡಗಳು ರಾಜ್ಯದಿಂದ ರಾಜ್ಯಕ್ಕೆ ಹೋಗುವುದನ್ನು ನಿಯಂತ್ರಿಸುವ ಅಧಿಕಾರ ಅದರಡಿ ಕೇಂದ್ರಕ್ಕೆ ಇದೆ. ಅದರ ಬದಲಿಗೆ 2013ರಲ್ಲಿ ಲೋಕಸಭೆಗೆ ಬಂದ ಕೃಷಿ ಜೈವಿಕ ಸುರಕ್ಷತಾ ಮಸೂದೆ ಪಾಸಾಗದೆ ಬಿದ್ದುಹೋಯಿತು.

ತಂತ್ರಜ್ಞಾನ ಇಲ್ಲವೆನ್ನಬೇಡಿ. ನಮ್ಮ ಹಟ್ಟಿಯ ದನದ ಕಿವಿಯಲ್ಲಿ 12 ಅಂಕಿಯ ಗುರುತಿನ ಟ್ಯಾಗ್ ಇದೆ. ಬಿತ್ತನೆ ಬೀಜದ ಮೂಲ ತಿಳಿಯಲು 2023ರಲ್ಲಿ ‘ಸಾಥಿ’ ಪೋರ್ಟಲ್ ಬಂತು. 2024ರಲ್ಲಿ ಕೀಟದ ಫೋಟೋ ಕಳುಹಿಸಿ ಸಲಹೆ ಪಡೆಯುವ ಕೇಂದ್ರದ ಆ್ಯಪ್ ಬಂತು. ಫೋಟೋ ತೆಗೆಯುವ ಹೊತ್ತಿಗೆ ರೋಗ ತೋಟದೊಳಗೆ ಇರುತ್ತದೆ ಸ್ವಾಮೀ! ಸಸಿ ತೋಟಕ್ಕೆ ಕಾಲಿಡುವ ಮೊದಲೇ ಅದರ ಮೂಲ ಕೇಳುವ ವ್ಯವಸ್ಥೆ ನಮಗೆ ಬೇಕು.

ಗಡಿ ಮುಚ್ಚಿ ಎಂದು ನಾನು ಕೇಳುತ್ತಿಲ್ಲ. 2020ರ ಕೊರೊನಾ ಕಾಲದಲ್ಲಿ ಗಡಿಯ ತಲಪಾಡಿಯಲ್ಲಿ ದಾರಿ ಕಟ್ಟಿ, ಒಳರಸ್ತೆಗಳಿಗೆ ಮಣ್ಣು ಸುರಿದಾಗ ಮಂಗಳೂರಿನ ಆಸ್ಪತ್ರೆಗೆ ಹೋಗಲಾರದೆ ನಮ್ಮವರು ಪಟ್ಟ ಪಾಡು ಮರೆತಿಲ್ಲ. ನಮ್ಮ ನೆಂಟರು, ನಮ್ಮ ಅಡಿಕೆ ಪೇಟೆ ಎಲ್ಲ ಆಚೆಗೂ ಇವೆ. ಸಸಿ ಬರಲಿ, ದಾಖಲೆಯ ಜೊತೆ ಬರಲಿ. ಒಂದು ನರ್ಸರಿಯ ಸಸಿಯಲ್ಲಿ ಎಲ್ಲೇ ರೋಗ ಕಂಡರೂ ಅಲ್ಲಿಂದ ಸಸಿ ಕೊಂಡ ಎಲ್ಲರ ಮೊಬೈಲಿಗೆ ಸುದ್ದಿ ಮುಟ್ಟಲಿ. ಇಲ್ಲಿಯವರಿಗೆ ಕನ್ನಡದಲ್ಲೂ ಮುಟ್ಟಲಿ.

ಅಡಿಕೆ, ತೆಂಗಿನ ಸಂಶೋಧನೆ ಮಾಡುವ ಸಿಪಿಸಿಆರ್‌ಐ ನಮ್ಮ ಕೂಡ್ಲಿನಲ್ಲೇ ಇದೆ. ಅಲ್ಲಿಯ ವಿಜ್ಞಾನಿಗಳನ್ನೂ ಎರಡೂ ರಾಜ್ಯಗಳ ಕೃಷಿ, ತೋಟಗಾರಿಕೆ ಅಧಿಕಾರಿಗಳನ್ನೂ ಒಂದು ಮೇಜಿಗೆ ಕರೆಸಿ. ಮುಂದಿನ ಅಧಿವೇಶನದಲ್ಲಿ ಕೃಷಿ ಸಚಿವರಿಗೆ ಈ ಪ್ರಶ್ನೆ ಹಾಕಿ: ಅಡಿಕೆ, ತೆಂಗಿನ ಸಸಿಗಳಿಗೆ ಮೂಲದ ಚೀಟಿ ಯಾವಾಗ ಕಡ್ಡಾಯವಾಗುತ್ತದೆ? ಅವರು ಕೊಡುವ ಉತ್ತರವನ್ನು ನಮಗೆ ಲಿಖಿತವಾಗಿ ತಿಳಿಸಿ.

ಇತಿ,
ಬದಿಯಡ್ಕ ಪರಿಸರದ ಒಬ್ಬ ಅಡಿಕೆ ಕೃಷಿಕ