ಆ ಹಳೆಯ ಕಾರ್ನರ್ ಆಟಗಾರನನ್ನು ತಂಡಕ್ಕೆ ಸೇರಿಸಿಕೊಳ್ಳಿ

ಮಾನ್ಯರೇ,

ನಮ್ಮ ರಿಪ್ಪನ್‌ಪೇಟೆ ಕಡೆಯ ಹುಡುಗರು ಈ ಮಳೆಗಾಲದಲ್ಲಿ ಹೊಸದಾಗಿ ಒಂದು ಕಬಡ್ಡಿ ತಂಡ ಕಟ್ಟಿದ್ದಾರೆ. ದೀಪಾವಳಿ ಕಳೆದರೆ ಹೊಸನಗರ, ಸಾಗರ, ತೀರ್ಥಹಳ್ಳಿ ಸುತ್ತಮುತ್ತ ಹೊನಲು ಬೆಳಕಿನ ಪಂದ್ಯಗಳು ಶುರುವಾಗುತ್ತವೆ. ಅಷ್ಟರೊಳಗೆ ತಂಡ ತಯಾರಾಗಬೇಕು. ಈಗ ಊರಲ್ಲಿ ಎಲ್ಲಿ ಕೂತರೂ ಒಂದೇ ಮಾತು. ಎಡ ಮೂಲೆಯಲ್ಲಿ ನಿಂತು ದಾಳಿಗಾರರನ್ನು ಹಿಡಿಯುತ್ತಿದ್ದ ಆ ಹಳೆಯ ಲೆಫ್ಟ್ ಕಾರ್ನರ್ ಆಟಗಾರನನ್ನು ತಗೊಳ್ಳಬೇಕೋ ಬೇಡವೋ? ಹೆಸರು ಬರೆಯುವುದಿಲ್ಲ. ನಮ್ಮ ಕಡೆ ಕಬಡ್ಡಿ ನೋಡುವವರಿಗೆ ಯಾರೆಂದು ಗೊತ್ತಾಗುತ್ತದೆ.

ತಗೊಳ್ಳಲೇಬೇಕು ಎಂದು ಹೇಳುವುದಕ್ಕೇ ಈ ಪತ್ರ ಬರೆಯುತ್ತಿದ್ದೇನೆ. 11 ವರ್ಷ ಅವನ ಪಕ್ಕದಲ್ಲಿ, ಲೆಫ್ಟ್ ಇನ್ ಜಾಗದಲ್ಲಿ, ಅವನ ಕೈ ಹಿಡಿದು ಆಡಿದವನು ನಾನು.

ಬೇಡ ಎನ್ನುವವರು ಸುಳ್ಳು ಹೇಳುತ್ತಿಲ್ಲ. ಅವನು ಕುಡಿಯುತ್ತಿದ್ದ. ಮುಂಗಡ ಇಸ್ಕೊಂಡು ಪಂದ್ಯಕ್ಕೆ ಬಾರದೇ ಇದ್ದದ್ದುಂಟು. ಮೂರು ತಂಡ ಬದಲಿಸಿದ, ಮೂರರಲ್ಲೂ ಜಗಳ ಮಾಡಿಕೊಂಡೇ ಹೊರಗೆ ಬಂದ. ಕೊನೆಗೆ ಅಂಪೈರ್ ಒಬ್ಬರನ್ನು ತಳ್ಳಿದ. ಆಮೇಲೆ ಎರಡು ವರ್ಷ ಯಾರೂ ಅವನನ್ನು ಆಡಲು ಕರೆಯಲಿಲ್ಲ. ಈಗ ವಯಸ್ಸು 38. ಬಲಗಾಲಿನ ಮಂಡಿ ಸರಿಯಿಲ್ಲ.

ಆ ತಳ್ಳಾಟದ ದಿನ ಏನಾಯಿತು ಎಂದು ನಾನು ಇದುವರೆಗೆ ಎಲ್ಲೂ ಹೇಳಿಲ್ಲ. ಕೊನೆಯ ನಿಮಿಷ. ನಾವು ಒಂದು ಅಂಕ ಮುಂದಿದ್ದೆವು. ಅಂಕಣದಲ್ಲಿ ನಮ್ಮವರು ಉಳಿದಿದ್ದದ್ದು ಮೂವರು. ಅಷ್ಟು ಕಡಿಮೆ ಜನ ಇದ್ದಾಗ ದಾಳಿಗಾರನನ್ನು ಹಿಡಿದರೆ ಸೂಪರ್ ಟ್ಯಾಕಲ್, ಒಂದರ ಬದಲು ಎರಡು ಅಂಕ. ಅವನ ಲೆಕ್ಕ ಯಾವಾಗಲೂ ಒಂದೇ. ಅವನು ಕೈ ಒತ್ತಿದರೆ ಹೋಗು ಎಂದರ್ಥ, ಒತ್ತದಿದ್ದರೆ ನಿಲ್ಲಬೇಕು. ಆ ದಿನ ಅವನು ಒತ್ತಿರಲಿಲ್ಲ. ನಾನು ಕೈ ಬಿಟ್ಟು ದಾಳಿಗಾರನ ತೊಡೆಗೆ ನುಗ್ಗಿದೆ. ಕೈ ಕೈ ಹಿಡಿದು ಕಟ್ಟಿದ್ದ ಚೈನ್ ಬಿಚ್ಚಿಹೋಯಿತು. ನನ್ನನ್ನು ಉಳಿಸಲು ಅವನು ದಾಳಿಗಾರನ ಆಂಕಲ್‌ಗೆ, ಅಂದರೆ ಪಾದದ ಗಂಟಿಗೆ, ಬಿದ್ದ. ಅಷ್ಟರಲ್ಲಿ ದಾಳಿಗಾರನ ಬೆರಳು ಮಧ್ಯದ ಗೆರೆ ಮುಟ್ಟಿತ್ತು. ನಾವಿಬ್ಬರೂ ಔಟ್, ಅವರಿಗೆ ಎರಡು ಅಂಕ. ಅಂಪೈರ್ ಕೊಟ್ಟ ತೀರ್ಪು ಸರಿಯಾಗಿಯೇ ಇತ್ತು. ಅವರನ್ನು ತಳ್ಳಿದ್ದು ಅವನ ತಪ್ಪೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಪಂದ್ಯ ಕೈಬಿಟ್ಟದ್ದು ನನ್ನಿಂದ. ಊರೆಲ್ಲ ಅವನನ್ನು ಬೈಯುವಾಗ ನಾನು ಬಾಯಿ ಬಿಡಲಿಲ್ಲ. ಅವನೂ ಒಂದು ದಿನವೂ ನನ್ನ ಹೆಸರು ಎತ್ತಲಿಲ್ಲ.

ಇನ್ನು ಆಟದ ವಿಷಯ. ಕಾರ್ನರ್ ಎಂದರೆ ಸುಮ್ನೆ ಮೂಲೆಯಲ್ಲಿ ನಿಲ್ಲುವ ಕೆಲಸ ಅಲ್ಲ. ದಾಳಿಗಾರನಿಗೆ ಸಿಗುವುದು 30 ಸೆಕೆಂಡ್. ಯಾರನ್ನೂ ಮುಟ್ಟದೆ ಸಿಗುವ ಬೋನಸ್ ಅಂಕ ಬೇಕು ಅಂದರೆ ಅವನ ಒಂದು ಕಾಲು ಬೋನಸ್ ಗೆರೆ ದಾಟಬೇಕು, ಹಿಂದಿನ ಕಾಲು ಗಾಳಿಯಲ್ಲಿರಬೇಕು. ಒಂದೇ ಕಾಲಿನ ಮೇಲೆ ಅವನು ನಿಂತಿರುವ ಆ ಅರೆಗಳಿಗೆಯೇ ಕಾರ್ನರ್‌ನದು. ಮುಂಚೆ ಹೋದರೆ ಮುಟ್ಟಿಸಿಕೊಂಡು ಹೊರಗೆ. ತಡ ಮಾಡಿದರೆ ಅವನು ಮನೆ ಸೇರಿರುತ್ತಾನೆ. ನಮ್ಮ ಹುಡುಗರಿಗೆ ಕಾಲಿನಲ್ಲಿ ಬಲ ಇದೆ, ಎದೆಯಲ್ಲಿ ಧೈರ್ಯ ಇದೆ. ಕಾಯುವುದು ಮಾತ್ರ ಬರುವುದಿಲ್ಲ. ಮೊನ್ನೆ ಅವರ ಅಭ್ಯಾಸ ಪಂದ್ಯದಲ್ಲಿ ನಾನೇ ಲೆಕ್ಕ ಇಟ್ಟೆ. ಒಂದು ಅವಧಿಯಲ್ಲಿ ಇಬ್ಬರು ಕಾರ್ನರ್‌ಗಳು ಸೇರಿ ಒಂಬತ್ತು ಸಲ ನುಗ್ಗಿದರು. ಸಿಕ್ಕಿದ್ದು ಒಂದು.

ಅದೇ ಸಂಜೆ ನನ್ನ ಆ ಹಳೆಯ ಜೊತೆಗಾರ ಮೈದಾನದ ಪಕ್ಕ ಹಾದು ಹೋಗುತ್ತಿದ್ದ. ತೋಟಕ್ಕೆ ಔಷಧಿ ಹೊಡೆದು ಬರುತ್ತಿದ್ದ, ಅಂಗಿಯ ಮೇಲೆಲ್ಲ ಮೈಲುತುತ್ತಿನ ನೀಲಿ ಕಲೆ. ಮೊದಲೆಲ್ಲ ಅಡಿಕೆ ಮರ ಹತ್ತುತ್ತಿದ್ದವನು. ಮಂಡಿ ಹೋದ ಮೇಲೆ ಕೆಳಗೆ ನಿಂತು ಉದ್ದ ಕೋಲಿನ ದೋಟಿಯಲ್ಲೇ ಹೊಡೆಯುತ್ತಾನೆ. ಹುಡುಗರು ‘ಬನ್ನಿ ಅಣ್ಣ’ ಎಂದು ಕರೆದರು. ಬರುವುದಿಲ್ಲ ಎಂದ. ಮತ್ತೆ ಕರೆದಾಗ ಲುಂಗಿ ಎತ್ತಿ ಕಟ್ಟಿ ಮೂಲೆಯಲ್ಲಿ ನಿಂತು ಪಕ್ಕದ ಹುಡುಗನ ಕೈ ಹಿಡಿದ. ತಂಡದ ಒಳ್ಳೆಯ ದಾಳಿಗಾರ ಮೂರು ಸಲ ಬಂದ. ಮೊದಲೆರಡು ಸಲ ಇವನು ಏನೂ ಮಾಡಲಿಲ್ಲ. ಒಂದು ಹೆಜ್ಜೆ ಹಿಂದೆ, ಅರ್ಧ ಹೆಜ್ಜೆ ಮುಂದೆ, ಅಷ್ಟೇ. ಮೂರನೇ ಸಲ ಕೂತ ಹಾಗೆ ಕಾಣಿಸಿತು, ಹುಡುಗನ ಹಿಮ್ಮಡಿ ಇವನ ಎರಡೂ ಕೈಯೊಳಗಿತ್ತು. ಆಮೇಲೆ ಅವನನ್ನು ಎಬ್ಬಿಸಿ, ಕಾಲಿಗೆ ಮೆತ್ತಿದ ಕೆಸರು ಒರೆಸುತ್ತಾ, ‘ಬೋನಸ್‌ಗೆ ಬರೋ ಮುಂಚೆ ನೀನು ಎಡ ಭುಜ ಇಳಿಸ್ತೀಯ, ಅದನ್ನ ಬಿಡು’ ಎಂದ. ಆ ಹುಡುಗನಿಗೆ ಈ ಮಾತನ್ನು ಬೇರೆ ಯಾರೂ ಹೇಳಿರಲಿಲ್ಲ.

ಅವನು ಕುಡಿದಿರಲಿಲ್ಲ. ಹತ್ತಿರ ನಿಂತು ಮಾತಾಡಿಸಿದ್ದೇನೆ. ಬಿಟ್ಟು ಎಂಟು ತಿಂಗಳಾಯಿತು ಎಂದು ಅವನ ಮನೆಯವರೂ ಹೇಳಿದರು. ಹೇಳುವಾಗ ಅವರ ದನಿಯಲ್ಲಿ ಇನ್ನೂ ಹೆದರಿಕೆ ಇತ್ತು.

ವಯಸ್ಸಾಯಿತು ಎನ್ನುವವರು ಪ್ರೊ ಕಬಡ್ಡಿಯನ್ನೇ ನೋಡಲಿ. 2016ರ ಜುಲೈನಲ್ಲಿ ಪಟ್ನಾ ಪೈರೇಟ್ಸ್ ಗೆದ್ದಾಗ ದಾಳಿ ಮಾಡುತ್ತಿದ್ದದ್ದು 19ರ ಪ್ರದೀಪ್ ನರ್ವಾಲ್. ನಾಯಕನಾಗಿದ್ದದ್ದು 40 ದಾಟಿದ ಧರ್ಮರಾಜ್ ಚೇರಲಾತನ್, ಅವರೂ ಕಾರ್ನರ್ ಆಟಗಾರರೇ. 2022ರ ಫೆಬ್ರವರಿಯಲ್ಲಿ ನಮ್ಮ ಬೆಂಗಳೂರಿನಲ್ಲೇ ನಡೆದ ಫೈನಲ್‌ನಲ್ಲಿ ದಬಾಂಗ್ ದೆಹಲಿ 37-36ರಿಂದ ಗೆದ್ದಿತು. ಆ ತಂಡದಲ್ಲಿ ನವೀನ್ ಕುಮಾರ್‌ನಂಥ ಎಳೆಯ ದಾಳಿಗಾರ ಇದ್ದ, ಹಿಂದೆ ಹಿಡಿಯಲು ಜೋಗಿಂದರ್ ನರ್ವಾಲ್, ಮಂಜೀತ್ ಚಿಲ್ಲರ್, ಜೀವ ಕುಮಾರ್‌ನಂಥ ಹಳಬರಿದ್ದರು. ಒಂದೇ ಅಂಕದ ಗೆಲುವು ಅಲ್ವಾ? ಅಂಥ ಹೊತ್ತಿನಲ್ಲಿ ಗಡಿಬಿಡಿ ಮಾಡದವರು ಬೇಕು.

‘ಆಡಿಸುವುದು ಬೇಡ, ಬೇಕಿದ್ದರೆ ಕೋಚ್ ಆಗಿರಲಿ’ ಎಂದು ಕೆಲವು ಹಿರಿಯರು ಹೇಳುತ್ತಿದ್ದಾರೆ. ನನಗೆ ಒಪ್ಪಿಗೆ ಇಲ್ಲ. ಅವನ ವಿದ್ಯೆ ಇರುವುದು ಬಾಯಲ್ಲಿ ಅಲ್ಲ, ಕೈಯಲ್ಲಿ. ಗೆರೆಯ ಹೊರಗೆ ಕುರ್ಚಿ ಹಾಕಿ ಕೂರಿಸಿದರೆ ಹುಡುಗರಿಗೆ ಅದು ಸಿಗುವುದಿಲ್ಲ. ಅವನಿಗೂ ಸುಮ್ಮನೆ ಕೂರುವುದು ಒಳ್ಳೆಯದಲ್ಲ, ಆ ಎರಡು ವರ್ಷ ಖಾಲಿ ಕೂತಾಗಲೇ ಕುಡಿತ ಜಾಸ್ತಿ ಆದದ್ದು.

ಹಾಗಂತ ಕಣ್ಣು ಮುಚ್ಚಿ ತಗೊಳ್ಳಿ ಎನ್ನುವುದಿಲ್ಲ. ಮುಂಗಡ ಕೊಡಬೇಡಿ, ದುಡ್ಡು ಪಂದ್ಯ ಮುಗಿದ ಮೇಲೆ. ನಾಯಕನನ್ನಾಗಿ ಮಾಡಬೇಡಿ. ಆ ಮಂಡಿಯಲ್ಲಿ 40 ನಿಮಿಷ ಪೂರ್ತಿ ಆಗುವುದಿಲ್ಲ, ಎರಡನೇ ಅವಧಿಗೆ ಇಳಿಸಿ. ಒಂದು ದಿನ ಕುಡಿದು ಬಂದರೆ ಅವತ್ತೇ ಮನೆಗೆ ಕಳಿಸಿ, ನಾನು ಅಡ್ಡ ಬರುವುದಿಲ್ಲ. ಅಂಪೈರ್ ಹತ್ತಿರ ಮಾತಾಡುವುದಿದ್ದರೆ ನಾಯಕ ಮಾತ್ರ ಮಾತಾಡಲಿ. ಇದನ್ನೆಲ್ಲ ಅವನ ಎದುರಿಗೇ ಹೇಳಿದ್ದೇನೆ. ತಲೆ ಬಗ್ಗಿಸಿ ಕೇಳಿದ, ‘ಆಯ್ತು’ ಎಂದ. ಹೇಗಿದ್ದರೂ ನಮ್ಮ ಮನೆ ದಾರಿಯಲ್ಲೇ ಅವನ ಮನೆ. ಬೆಳಿಗ್ಗೆ ಆರಕ್ಕೆ ಅಭ್ಯಾಸಕ್ಕೆ ನನ್ನ ಬೈಕಿನಲ್ಲೇ ಕರೆದುಕೊಂಡು ಬರುತ್ತೇನೆ.

ಭಾನುವಾರ ತಂಡದವರು ಸಭೆ ಸೇರಿ ತೀರ್ಮಾನ ಮಾಡುತ್ತಾರಂತೆ. ಅವನನ್ನು ತಗೊಂಡರೆ, ಲೆಫ್ಟ್ ಇನ್ ಜಾಗದಲ್ಲಿ ನಿಲ್ಲುವ ಹುಡುಗನಿಗೆ ನನ್ನದೊಂದು ಮಾತಿದೆ. ಅವನು ಕೈ ಒತ್ತುವ ತನಕ ಬಿಡಬೇಡಪ್ಪ.

— ಒಬ್ಬ ಹಳೆಯ ಕಬಡ್ಡಿ ಆಟಗಾರ, ರಿಪ್ಪನ್‌ಪೇಟೆ, ಹೊಸನಗರ ತಾಲ್ಲೂಕು