‘ಇಟ್ ಈಸ್ ಮಿ’ಗೆ ಅಂಕ ಏಕೆ ಕಳೆಯಬೇಕು?

ಮಾನ್ಯ ಸಂಪಾದಕರೇ,

ಯಾರದು ಎಂದು ಕೇಳಿದರೆ ‘ಇಟ್ ಈಸ್ ಐ’ ಎಂದೇ ಹೇಳಬೇಕು, ‘ಮಿ’ ತಪ್ಪು ಎಂದು ಕೆಲವು ಗ್ರಾಮರ್ ಗೈಡುಗಳು ಇನ್ನೂ ಹಟ ಹಿಡಿದಿವೆ. 1762ರಲ್ಲಿ ಇಂಗ್ಲೆಂಡಿನ ವಿದ್ವಾಂಸ ರಾಬರ್ಟ್ ಲೌತ್ ಬರೆದ ಇಂಗ್ಲಿಷ್ ವ್ಯಾಕರಣದ ಪಟ್ಟೂ ಇದೇ. ‘ಈಸ್’ನಂಥ ಕ್ರಿಯಾಪದದ ನಂತರವೂ ‘ಐ’ಯಂಥ ಕರ್ತೃರೂಪವೇ ಬರಬೇಕೆಂಬ ಆ ನಿಯಮ ಲ್ಯಾಟಿನ್ನಿಗೆ ಸರಿ. ಇಂಗ್ಲಿಷರ ನಾಲಿಗೆ ಮಾತ್ರ ಒಪ್ಪಲಿಲ್ಲ. ಬಾಗಿಲು ತಟ್ಟಿದವರು ಅಲ್ಲಿ ಇಂದಿಗೂ ‘ಮಿ’ ಎನ್ನುತ್ತಾರೆ.

ಹೀಗೆ ತಿದ್ದಿ ತಿದ್ದಿ ಹೆದರಿಸಿದ್ದರಿಂದಲೇ ‘ಮಿ’ ಇರಬೇಕಾದಲ್ಲೂ ‘ಐ’ ಹಾಕುವ ‘ಬಿಟ್ವೀನ್ ಯೂ ಅಂಡ್ ಐ’ ಹುಟ್ಟಿತು ಎನ್ನುವವರಿದ್ದಾರೆ. ನಾನು ಪೂರ್ತಿ ಒಪ್ಪಲಾರೆ. ಲೌತ್‌ಗಿಂತ ಎಷ್ಟೋ ಮೊದಲೇ ಶೇಕ್ಸ್‌ಪಿಯರನ ‘ಮರ್ಚೆಂಟ್ ಆಫ್ ವೆನಿಸ್’ನಲ್ಲಿ ಆಂಟೋನಿಯೊ ಪತ್ರದಲ್ಲಿ ಹಾಗೆಯೇ ಬರೆದಿದ್ದಾನೆ. (ಅವನಿಗೆ ಅಂಕ ಕತ್ತರಿಸುವ ಧೈರ್ಯ ಯಾರಿಗಿದೆ?) ‘ಇಟ್ ಈಸ್ ಮಿ’ ಬರೆದ ಮಕ್ಕಳಿಗೆ ಕೆಂಪು ಗೀಟು ಎಳೆಯುವುದನ್ನಾದರೂ ಶಿಕ್ಷಕರು ನಿಲ್ಲಿಸಲಿ.

– ನಿವೃತ್ತ ಇಂಗ್ಲಿಷ್ ಶಿಕ್ಷಕ, ಸಾಗರ